ಹೊಳೆಯಪ್ಪನ ಮೀಸೆಗೆ ಯಾರು ಹೊಣೆ?

ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಮಡಿವಾಳೆಪ್ಪನಿಗೆ ಬೀಡಿಯ ಚಟವಿರಲಿಲ್ಲ, ಎಲೆಅಡಿಕೆಯ ಚಟವಿರಲಿಲ್ಲ, ಇಸ್ಪೀಟಿನ ಎಲೆಯನ್ನಂತೂ ಅವನು ಕೈಯಿಂದ ಮುಟ್ಟಿದವನಲ್ಲ. ಇದ್ದದ್ದು ಒಂದೇ ಚಟ. ಯಾರ ಕೈಗೆ ಏನು ಕೊಟ್ಟರೂ, ಯಾರಿಗೆ ಯಾವ ಸಲಹೆ ಹೇಳಿದರೂ, ಕೊನೆಗೆ "ಏನರ ಆದ್ರ ನಾ ಅದೀನಿ" ಎಂದು ಸೇರಿಸುವುದು.

ಈ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ಎತ್ತು ಮಾರುವವನು ಆಡುತ್ತಾನೆ, ವರ ತೋರಿಸುವವನು ಆಡುತ್ತಾನೆ, ಬೋರ್‌ವೆಲ್ಲಿಗೆ ತೆಂಗಿನಕಾಯಿ ಹಿಡಿದು ನೀರು ನೋಡುವವನಂತೂ ಜೋರಾಗಿಯೇ ಆಡುತ್ತಾನೆ. ಆಡಿದವನೂ ಮರೆಯುತ್ತಾನೆ, ಕೇಳಿದವನೂ ಮರೆಯುತ್ತಾನೆ. ಹಾಗೆ ಮರೆಯುವುದರಿಂದಲೇ ಊರು ನಡೆದಿದೆ. ಆದರೆ ಮಡಿವಾಳೆಪ್ಪ ಈ ಮಾತನ್ನು ಎದೆಯ ಮೇಲೆ ಕೈಯಿಟ್ಟು ಆಡುತ್ತಿದ್ದ, ಮತ್ತು ಮರೆಯುತ್ತಿರಲಿಲ್ಲ. ಅವನು ಸುತ್ತಿಕೊಟ್ಟ ಮೋಟಾರು ಸುಟ್ಟರೆ ತಕರಾರಿಲ್ಲದೆ ಇನ್ನೊಮ್ಮೆ ಸುತ್ತಿಕೊಡುತ್ತಿದ್ದ. ಕುಂದಗೋಳದಲ್ಲಿ ಕನ್ನಡಿ ಬಾಗಿಲಿನ ದೊಡ್ಡ ಅಂಗಡಿಗಳಿದ್ದರೂ ಜನ ಇವನ ತಗಡಿನ ಅಂಗಡಿಗೇ ಬರುತ್ತಿದ್ದದ್ದು ಕೈಕೆಲಸ ನೋಡಿ ಅಲ್ಲ, ಆ ಮಾತು ನೋಡಿ. ಅಂಗಡಿಯಲ್ಲಿ ಬಂಡವಾಳ ಅಂತ ಇದ್ದರೆ ಅದೊಂದೇ.

ಇಂಥವನು ಸುಮ್ಮನೆ ಮೋಟಾರು ಸುತ್ತಿಕೊಂಡು ಇರಬೇಕಿತ್ತು. ಯಂತ್ರ ಕಂಡುಹಿಡಿಯಲು ಹೋದ.

ಎದುರುಮನೆಯ ಹೊಳೆಯಪ್ಪ ಕಾಕಾ ಕುರಿ ಕಾಯ್ದು ಮುದುಕನಾದವನು. ಅವನಲ್ಲಿ ನೋಡುವಂಥದ್ದು ಮೀಸೆ, ಕೇಳುವಂಥದ್ದು ಕೆಮ್ಮು. ಮೀಸೆ ಎರಡೂ ಕಡೆ ಕಿವಿಯತ್ತ ಹೊರಟು ಗಲ್ಲದ ಮೇಲೆ ಒಂದು ಸುತ್ತು ಹಾಕಿ ನಿಂತಿತ್ತು. ಕೆಮ್ಮು ಬೀಡಿಯದು. ಅದು ಶುರುವಾದರೆ ಓಣಿಯವರು ಟೀವಿಯ ದನಿ ಏರಿಸುತ್ತಿದ್ದರು. ಒಂದು ದಿನ ಅವನ ಹೆಂಡತಿ ಕೆಂಚವ್ವ ಅಂಗಡಿಯ ಮುಂದೆ ಬಂದು ಕುಳಿತಳು.

"ಮಡಿವಾಳಪ್ಪಾ, ನೀ ಸುಟ್ಟ ಮೋಟಾರ್‌ಗೆ ಜೀವಾ ತುಂಬತಿ. ನಮ್ಮ ಯಜಮಾನರ ಎದಿ ಅದರಕಿಂತ ಭಾಳ ಸುಟ್ಟಿಲ್ಲೋ. ಆ ಬೀಡಿ ಬಿಡಸಾಕ ಏನರ ಮಾಡು."

ಮಡಿವಾಳೆಪ್ಪ ಆಗಷ್ಟೇ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ. ಪೇಟೆಯ ಹುಡುಗನೊಬ್ಬ ಪೆನ್ನಿನಂಥದ್ದನ್ನು ಬಾಯಿಗಿಟ್ಟು ಎಳೆದು, ಮುಖ ಕಾಣದಷ್ಟು ಹೊಗೆ ಬಿಡುತ್ತಿದ್ದ. ಬೆಂಕಿ ಇಲ್ಲ, ಎಲೆ ಇಲ್ಲ, ಬೂದಿ ಇಲ್ಲ. ಮಡಿವಾಳೆಪ್ಪ ತರ್ಕ ಮಾಡಿದ: ಬೀಡಿಯಲ್ಲಿ ಕೆಟ್ಟದ್ದು ತಂಬಾಕು ಮತ್ತು ಬೆಂಕಿ. ಎರಡನ್ನೂ ತೆಗೆದರೆ ಉಳಿಯುವುದು ಹೊಗೆ. ಕಾಕಾನಿಗೆ ಬೇಕಾದದ್ದೂ ಹೊಗೆಯೇ. ಈ ತರ್ಕದಲ್ಲಿ ತೂತುಗಳಿದ್ದವು, ಆದರೆ ಅವು ಅಂಗಡಿಯ ತಗಡಿನ ತೂತುಗಳಿಗಿಂತ ದೊಡ್ಡವಾಗಿ ಅವನಿಗೆ ಕಾಣಲಿಲ್ಲ.

ಹಳೆಯ ಬ್ಯಾಟರಿ ದೀಪದ ಕೊಳವೆ, ಕೆಟ್ಟ ಇಸ್ತ್ರಿಪೆಟ್ಟಿಗೆಯೊಳಗಿನ ತಂತಿ, ಫೋನ್ ಚಾರ್ಜ್ ಮಾಡುವ ಡಬ್ಬಿಯಿಂದ ಕಿತ್ತ ಬ್ಯಾಟರಿ, ಹೆಂಡತಿ ಕಸ್ತೂರೆವ್ವ ದೇವರ ಮುಂದಿನ ದೀಪಕ್ಕೆ ಹೊಸೆದಿಟ್ಟ ಬತ್ತಿ. ಬತ್ತಿಗೆ ಔಷಧ ಅಂಗಡಿಯ ಗ್ಲಿಸರಿನ್ ಮತ್ತು ಅಜವಾನದ ಕಷಾಯ. ಗುಂಡಿ ಒತ್ತಿ ಎಳೆದರೆ ಬೆಳ್ಳಗೆ ಹೊಗೆ ಬಂತು. ವಾಸನೆ ಮಾತ್ರ ಕಾಕಾನ ಹೊಟ್ಟೆಯೊಳಗೆ ಯಾರೋ ಮಿರ್ಚಿ ಭಜಿ ಕರಿಯುತ್ತಿರುವಂತೆ ಇತ್ತು.

"ಬೀಡಿ ಬಿಡಸೂ ಯಂತ್ರ ಕಾಕಾ. ಧೈರ್ಯಲೇ ಸೇದು," ಎಂದು ಮಡಿವಾಳೆಪ್ಪ ಎದೆಯ ಮೇಲೆ ಕೈಯಿಟ್ಟ. "ಏನರ ಆದ್ರ ನಾ ಅದೀನಿ."

ಆಶ್ಚರ್ಯವೆಂದರೆ ಯಂತ್ರ ಕೆಲಸ ಮಾಡಿತು. ಕಾಕಾ ಬೀಡಿ ಬಿಟ್ಟ. ಓಣಿಯಲ್ಲಿ ಟೀವಿಗಳ ದನಿ ಇಳಿಯಿತು. ಸುದ್ದಿ ಹರಡಿ ಬಳೆಗಾರ ಇಮಾಮುದ್ದೀನ ಒಂದು ಯಂತ್ರ ಮಾಡಿಸಿಕೊಂಡ, ಎಮ್ಮೆಯ ದುರ್ಗವ್ವ ಗಂಡನಿಗೆ ಒಂದು ಒಯ್ದಳು. ಒಂದೊಂದು ಯಂತ್ರದ ಜೊತೆಗೂ ಮಡಿವಾಳೆಪ್ಪನ ಕೈ ಎದೆಗೆ ಹೋಗುತ್ತಿತ್ತು.

ಅಷ್ಟರಲ್ಲಿ ಕಾಕಾನಿಗೂ ಒಂದು ತರ್ಕ ಹೊಳೆಯಿತು. ಸಣ್ಣ ಚಾರ್ಜರಿಗೆ ಹಚ್ಚಿದರೆ ಸಣ್ಣ ಶಕ್ತಿ ಬರುವುದಾದರೆ ದೊಡ್ಡದಕ್ಕೆ ಹಚ್ಚಿದರೆ ದೊಡ್ಡ ಶಕ್ತಿ ಬರಬೇಕು. ಅವನು ಯಂತ್ರವನ್ನು ಮಗ ಮಾಳಿಂಗರಾಯನ ಟ್ರ್ಯಾಕ್ಟರಿನ ಬ್ಯಾಟರಿಗೆ ಹಚ್ಚಿ, ಒಂದು ಚಹಾ ಕುಡಿದು ಬಂದು, ಬಾಯಿಗಿಟ್ಟು ಗುಂಡಿ ಒತ್ತಿದ.

ಢಬ್ ಎಂದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ದೇವರ ದಯೆ, ಕಾಕಾನಿಗೆ ತುಟಿ ಸ್ವಲ್ಪ ಕೆಂಪಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಎಡಗಡೆಯ ಮೀಸೆ ಹೋಗಿತ್ತು.

ಮಡಿವಾಳೆಪ್ಪ ಓಡಿಬಂದು ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ. ಕಾಕಾ ಬೈಯಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು.

"ಸಿಟ್ಟಿಲ್ಲಲೇ ಮಡಿವಾಳಾ. ಏನರ ಆದ್ರ ನಾ ಅದೀನಿ ಅಂದಿದ್ದಿ. ಈಗ ಆಗೇತಿ. ನೀನೂ ಅದೀ. ಮತ್ತ್ಯಾಕ ಚಿಂತಿ?"

"ರೊಕ್ಕಾ ಕೊಡ್ಲೇನ್ ಕಾಕಾ?"

"ಮೀಸಿ ಮಾರಾಂವ ಅಂತ ತಿಳದೀ ಏನಲೇ ನನ್ನ?"

"ಹಂಗಾರ ಏನ್ ಮಾಡ್ಲಿ?"

"ಅದು ಮಾಡತಿದ್ದ ಕೆಲಸಾ ನೀ ಮಾಡು. ಬೆಳಿಯೂ ಮಟ."

ಒಂದು ಮೀಸೆ ದಿನವಿಡೀ ಎಷ್ಟು ಕೆಲಸ ಮಾಡುತ್ತದೆ ಎಂದು ಮೀಸೆ ಕಳೆದುಕೊಳ್ಳದ ಯಾರೂ ಲೆಕ್ಕ ಹಾಕಿರುವುದಿಲ್ಲ. ಬೆಳಿಗ್ಗೆ ಕಾಕಾ ಅದರ ಮೇಲೆ ಕೈಯಾಡಿಸಿದರೆ ಸಾಕು, ಅಂಗಳದಲ್ಲಿ ನೀರಿನ ಪಾಳಿಗೆ ಜಗಳಾಡುವ ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಈಗ ಮಡಿವಾಳೆಪ್ಪ ದಿನಾ ಬೆಳಿಗ್ಗೆ ಆ ಅಂಗಳದಲ್ಲಿ ನಿಂತು ಗಂಟಲು ಕೆರೆಯಬೇಕಾಯಿತು. ಅವನ ಗಂಟಲಿಗೆ ಅಂಥ ಗತ್ತು ಇರಲಿಲ್ಲ. ಸೊಸೆಯರು ಬಿಸಿನೀರು ತಂದುಕೊಟ್ಟರು. ಸಂತೆಯ ದಿನ ಕುರಿ ವ್ಯಾಪಾರಕ್ಕೆ ಕಾಕಾ ಅವನನ್ನು ಬಾಜೂಕೆ ನಿಲ್ಲಿಸಿಕೊಂಡ. ದಲಾಲ ಕಡಿಮೆ ಬೆಲೆ ಹೇಳಿದಾಗ ಕಾಕಾ ಮೊಣಕೈಯಿಂದ ತಿವಿಯುತ್ತಿದ್ದ, ಮಡಿವಾಳೆಪ್ಪ "ಹ್ಞೂಂ..." ಎಂದು ಗುರುಗುಟ್ಟಬೇಕು.

"ಇಂವ ಯಾರ್ರಿ ಯಜಮಾನ್ರ?" ದಲಾಲ ಕೇಳಿದ.

"ನನ್ನ ಮೀಸಿ," ಎಂದ ಕಾಕಾ, ಅಗದಿ ಗಂಭೀರವಾಗಿ.

ಉಳಿದ ಅರ್ಧವನ್ನೂ ಬೋಳಿಸಿದರೆ ಮುಖ ಸರಿಯಾಗುತ್ತದಲ್ಲ ಎಂದು ಕಸ್ತೂರೆವ್ವ ಒಮ್ಮೆ ಸೂಚಿಸಿ ನೋಡಿದಳು. "ಅರ್ಧಾ ಬಣವಿ ಸುಟ್ರ ಉಳದದ್ದಕ್ಕ ನಾವ ಕಡ್ಡಿ ಗೀರ್ತೀವೇನವಾ?" ಎಂದ ಕಾಕಾ.

ಮಡಿವಾಳೆಪ್ಪ ಮಾತಿಗೆ ತಪ್ಪಲಿಲ್ಲ ಎಂಬುದು ಊರಿಗೆ ಗೊತ್ತಾದದ್ದೇ ತಪ್ಪಾಯಿತು. ಮೊದಲು ದುರ್ಗವ್ವ ಬಂದಳು.

"ಯಣ್ಣಾ, ನಮ್ಮ ಮನ್ಯಾಗಿನವರು ಬೀಡಿ ಬಿಟ್ಟಾಗಿಂದ ಎಮ್ಮಿ ಹಾಲು ಕೊಡವಲ್ದು. ಕರು ಇದ್ದಾಗಿಂದ ಬೀಡಿ ವಾಸನಿ ಮ್ಯಾಲ ಬೆಳದಿದ್ದು ಅದು. ಈಗ ಅವರು ಹಿಂಡಾಕ ಕುಂತ್ರ ಯಾರೋ ಪರಕೀಯ ಮನಶಾ ಅಂತ ಒದಿತೈತಿ."

"ನಾ ಏನ್ ಮಾಡ್ಲಿ ತಂಗಿ?"

"ಹಿಂಡೂ ಮುಂದ ನೀ ಬಾಜೂಕ ಕುಂತು ಒಂದ ಬೀಡಿ ಸೇದು. ಅವರು ಸೇದಿದ್ರ ಮತ್ತ ಚಟಾ ಹತ್ತತೈತಿ."

"ನಾ ಬೀಡಿ ಸೇದಾಂವ ಅಲ್ಲವಾ!"

"ಅದು ಎಮ್ಮಿಗೇನ್ ಗೊತ್ತು? ನೀ ಅದೀನಿ ಅಂದಿದ್ದೆಲ್ಲಣ್ಣಾ."

ಹೀಗೆ ಊರಿಗೆಲ್ಲ ಬೀಡಿ ಬಿಡಿಸಿದ ಮಡಿವಾಳೆಪ್ಪ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೊಟ್ಟಿಗೆಯಲ್ಲಿ ಎಮ್ಮೆಯ ಮೂತಿಯೆದುರು ಕುಕ್ಕರಗಾಲಿನಲ್ಲಿ ಕುಳಿತು, ಎರಡು ಹೊತ್ತು ಬೀಡಿ ಸೇದತೊಡಗಿದ. ಅವನು ಕೆಮ್ಮುತ್ತಿದ್ದ, ಎಮ್ಮೆ ಹಾಲಿಳಿಸುತ್ತಿತ್ತು.

ಇದೂ ನಡೆದುಹೋಗುತ್ತಿತ್ತೇನೋ. ಆದರೆ ಇಮಾಮುದ್ದೀನನ ಹೆಂಡತಿ ಶಮೀಮಾಬಿ ಜೋಳದ ಹಿಟ್ಟಿನ ಡಬ್ಬಿ ಹೊತ್ತು ನೇರ ಕಸ್ತೂರೆವ್ವನ ಅಡುಗೆಮನೆಗೇ ಬಂದಳು. ಬೀಡಿ ಬಿಟ್ಟ ಮೇಲೆ ಗಂಡನ ಹಸಿವು ದುಪ್ಪಟ್ಟಾಗಿದೆ, ರೊಟ್ಟಿ ಬಡಿದೂ ಬಡಿದೂ ರಟ್ಟೆ ಬಿದ್ದುಹೋಗಿದೆ. "ಹೆಚ್ಚಿನ ರೊಟ್ಟಿ ನಿಮ್ಮವು ಅಕ್ಕಾ. ಅಣ್ಣಾರು ಅದೀನಿ ಅಂದಾರ," ಎಂದು ಹಿಟ್ಟನ್ನು ಇಳಿಸಿ ಹೋದಳು.

ಕಸ್ತೂರೆವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಅಂಗಡಿಗೆ ಬಂದಳು.

"ಏನ್ರಿ, ಮಾತು ಕೊಡಾವ್ರು ನೀವು, ರೊಟ್ಟಿ ಬಡಿಯಾಕಿ ನಾನು? ನಮ್ಮ ಕಾಶಿನಾಥ ಊರಮಂದಿಗೆಲ್ಲಾ ವಿಮಾ ಮಾಡಸ್ತಾನ. ನಿಮ್ಮ ಬಾಯಿಗೆ ಒಂದು ವಿಮಾ ಮಾಡಸ್ರಿ ಮೊದಲ!"

ಕಾಶಿನಾಥ ಅವಳ ತಮ್ಮ, ಅಣ್ಣಿಗೇರಿಯಲ್ಲಿ ವಿಮೆ ಏಜೆಂಟ. ಮನುಷ್ಯನಿಗೆ, ಮೋಟಾರ್‌ಸೈಕಲ್ಲಿಗೆ, ಹಸುವಿಗೆ, ಕಡಲೆಬೆಳೆಗೆ, ಯಾವುದಕ್ಕೂ ವಿಮೆ ಮಾಡಿಸಬಲ್ಲೆ ಎಂಬ ಗರ್ವದವನು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮಾಮಾರ, ಇದು ಯಾವ ಜಾತಿ ಸಾಮಾನರೀ? ಔಷಧಾ ಅಂದ್ರ ಲೈಸೆನ್ಸ್ ಕೇಳತಾರ. ಆಟದ ಸಾಮಾನ ಅಂದ್ರ ಆಡಾಂವಗ ಎಪ್ಪತ್ತು ವರ್ಷ. ದೀಪ ಅಂದ್ರ ಬೆಳಕಿಲ್ಲ."

"ಕಾಕಾನ ಮೀಸಿಗೆ ಪರಿಹಾರ ಸಿಗತೈತೇನು ಅಷ್ಟ ಹೇಳೋ."

"ವಿಮಾ ಆಗಿ ಹೋಗಿದ್ದಕ್ಕ ಅಲ್ಲರಿ ಮಾಮಾರ, ಆಗೂದಕ್ಕ. ಇನ್ನ ಯಾರ್ಯಾರದು ಮೀಸಿ ಹೋಗೂದೈತಿ ಹೇಳ್ರಿ." ಆಮೇಲೆ, ಹುಬ್ಬಳ್ಳಿ ಕಚೇರಿಯ ದೊಡ್ಡ ಸಾಹೇಬರನ್ನೇ ಕೇಳೋಣ ಎಂದು ಯಂತ್ರದ ಸಮೇತ ಮಡಿವಾಳೆಪ್ಪನನ್ನು ಅಲ್ಲಿಗೆ ಕರೆದೊಯ್ದ.

ಸಾಹೇಬರು ಮೈಸೂರು ಕಡೆಯವರು. ಅವರಿಗೂ ಒಂದು ಮೀಸೆ ಇತ್ತು. ದಪ್ಪನೆಯದು, ಕಪ್ಪು ಬಣ್ಣ ಹಚ್ಚಿ ಬಾಚಿದ್ದು. ಅದರ ಕೆಳಗಿನಿಂದ ಸಿಗರೇಟಿನ ವಾಸನೆ ಬರುತ್ತಿತ್ತು. ಅವರು ಎಲ್ಲ ಕೇಳಿಸಿಕೊಂಡು ಪೆನ್ನು ಎತ್ತಿದರು.

"ನೋಡಿ, ಹೊಣೆಗಾರಿಕೆ ಅಂದ ಮೇಲೆ ಅದಕ್ಕೊಂದು ಮಿತಿ ಇರಬೇಕು. ನೀವು ಜನರಿಗೆ ಏನಂತ ಭರವಸೆ ಕೊಟ್ಟಿದ್ದೀರಿ?"

"ಏನರ ಆದ್ರ ನಾ ಅದೀನಿ ಅಂತರಿ."

"ಏನಾದರೂ ಅಂದ್ರೆ? ಏನು? ಎಷ್ಟರವರೆಗೆ?"

"ಏನರ ಅಂದ್ರ ಏನರ ರೀ."

"ಅಂದರೆ, ಯಂತ್ರದಿಂದ ನೇರವಾಗಿ ಆದ ಗಾಯ ಮಾತ್ರ ತಾನೆ?"

"ಎಮ್ಮೀನೂ ಅದರಾಗ ಬಂದೇತ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷದ ನೌಕರಿಯಲ್ಲಿ, ಎಲ್ಲೆಯೇ ಇಲ್ಲದ ಹೊಣೆಯನ್ನು ಪುಕ್ಕಟೆಯಾಗಿ ಹೊತ್ತ ಮನುಷ್ಯನನ್ನು ಅವರು ಕಂಡದ್ದು ಅದೇ ಮೊದಲು. ಅವರ ಕಂಪನಿ ದುಡ್ಡು ತೆಗೆದುಕೊಂಡೂ ಇಷ್ಟು ಹೊರುತ್ತಿರಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಇಂಥ ಯಂತ್ರಕ್ಕೆ ಇ-ಸಿಗರೇಟು ಎನ್ನುತ್ತಾರೆ. ೨೦೧೯ರಲ್ಲೇ ಕಾನೂನು ಮಾಡಿ ದೇಶದಲ್ಲಿ ನಿಷೇಧಿಸಿದ್ದಾರೆ. ಒಳಗೆ ತಂಬಾಕಿನ ಸತ್ವ ಇರಲಿ, ಅಜವಾನ ಇರಲಿ, ಮಾಡಿದವನಿಗೆ ಒಂದು ವರ್ಷದವರೆಗೆ ಜೈಲಾಗಬಹುದು, ಲಕ್ಷದವರೆಗೆ ದಂಡ ಬೀಳಬಹುದು. ಎರಡೂ ಆಗಬಹುದು.

"ಬೀಡಿ?" ಎಂದ ಮಡಿವಾಳೆಪ್ಪ.

"ಬೀಡಿಗೆ ಏನೂ ತೊಂದರೆ ಇಲ್ಲ. ಮೂಲೆಮೂಲೆಗೂ ಸಿಗುತ್ತೆ."

ಮಡಿವಾಳೆಪ್ಪ ಎದ್ದು ಹೊರಡುವಾಗ ಸಾಹೇಬರು ಕಾಶಿನಾಥನನ್ನು ಚಹಾ ಹೇಳಲು ಕಳಿಸಿ, ಮೇಜಿನ ಮೇಲಿದ್ದ ಯಂತ್ರದ ಮೇಲೆ ಮೆಲ್ಲಗೆ ಕೈಯಿಟ್ಟರು. "ಇದು ಇಲ್ಲೇ ಇರಲಿ. ಪರಿಶೀಲನೆಗೆ. ಅಂದ ಹಾಗೆ... ನಿಜವಾಗಲೂ ಚಟ ಬಿಡುತ್ತಾ?"

"ಬಿಡತೈತ್ರಿ ಸಾಹೇಬ್ರ. ಸಣ್ಣ ಚಾರ್ಜರಿಗೆ ಅಷ್ಟ ಹಚ್ಚರಿ." ಬೇಡ ಬೇಡವೆಂದರೂ ಕೈ ಎದೆಯ ಮೇಲೆ ಬಂದೇಬಿಟ್ಟಿತು. "ಏನರ ಆದ್ರ ನಾ ಅದೀನಿ."

ಊರಿಗೆ ಬಂದವನೇ ಎಲ್ಲರ ಮನೆಗೆ ಹೋಗಿ ಯಂತ್ರಗಳನ್ನು ವಾಪಸು ತಂದು ಬಿಚ್ಚಿ ಹಾಕಿದ. ತಂತಿ ತಂತಿಯ ಡಬ್ಬಿಗೆ, ಕೊಳವೆ ಕೊಳವೆಯ ಮೂಲೆಗೆ. ಕೈಯಿಂದ ಹೋದದ್ದು ಹುಬ್ಬಳ್ಳಿಯದೊಂದೇ. ಆದರೆ ಸಂತೆಯಲ್ಲಿ "ನನ್ನ ಮೀಸಿ" ಎಂದದ್ದು ಊರೂರಿಗೆ ಹೋಗಿತ್ತು. ನಕ್ಕವರು ಕೇಳಿದರು, ಕೇಳಿದವರು ಹೇಳಿದರು, ಕೊನೆಗೆ ಒಂದು ಮಧ್ಯಾಹ್ನ ಹವಾಲ್ದಾರ ಪ್ರಭು ಅಂಗಡಿಯ ಮುಂದೆ ಮೋಟಾರ್‌ಸೈಕಲ್ ನಿಲ್ಲಿಸಿದ.

"ಇಲ್ಲೆ ಯಾರೋ ಇ-ಸಿಗರೇಟ್ ಮಾಡತಾರಂತ. ಯಾರದು?"

ಊರು ನೆರೆಯಿತು. ಸುಳ್ಳು ಹೇಳಿದರೆ ಮಡಿವಾಳೆಪ್ಪ ಉಳಿಯಬಹುದಿತ್ತು. ಆದರೆ ನಾನಲ್ಲ ಎಂದು ಒಮ್ಮೆ ಅಂದರೆ ನಾಳೆ ಯಾರು ತಾನೆ ಅವನ ಮುಂದೆ ಮೋಟಾರು ಇಳಿಸುತ್ತಾರೆ? ಜೈಲಿಗಿಂತ ಅವನಿಗೆ ಆ ಭಯವೇ ದೊಡ್ಡದಿತ್ತು. ಅವನ ಕೈ ಎದೆಯತ್ತ ಏಳತೊಡಗಿತು. ಕಸ್ತೂರೆವ್ವ ಅದನ್ನು ನಡುದಾರಿಯಲ್ಲೇ ಹಿಡಿದಳು.

"ಏ, ನಮ್ಮ ಮಡಿವಾಳಪ್ಪಣ್ಣ ದೇವರಂಥಾ ಮನಶಾರೀ!" ಎಂದು ದುರ್ಗವ್ವ ಕೂಗಿದಳು. "ಅಂವಗ ಏನರ ಆದ್ರ ನಾವ ಅದೀವಿ!"

"ಹೌದ್ರಿ, ನಾವ ಅದೀವಿ!" ಎಂದಿತು ಇಡೀ ಊರು. ಮಡಿವಾಳೆಪ್ಪನಿಗೆ ಎದೆ ತುಂಬಿ ಬಂತು.

"ಅಗದಿ ಚಲೋ ಆತು," ಎಂದು ಹವಾಲ್ದಾರ ಕಿಸೆಯಿಂದ ಪೆನ್ನು ತೆಗೆದ. "ಹಂಗಾರ ಒಬ್ಬೊಬ್ಬರ ಬಂದು ಹೆಸರು ಹೇಳಿ ಸಹಿ ಮಾಡ್ರಿ."

ದುರ್ಗವ್ವನಿಗೆ ಎಮ್ಮೆ ನೆನಪಾಯಿತು. ಇಮಾಮುದ್ದೀನನಿಗೆ ಹಸಿವಾಯಿತು. ಮಾಳಿಂಗರಾಯನಿಗೆ ಟ್ರ್ಯಾಕ್ಟರಿನ ಗಾಲಿಯಲ್ಲಿ ಗಾಳಿ ಕಡಿಮೆಯಾದಂತೆ ಅನ್ನಿಸಿತು. ಹವಾಲ್ದಾರ ಪೆನ್ನಿನ ಟೊಪ್ಪಿಗೆ ತೆಗೆಯುವಷ್ಟರಲ್ಲಿ ರಸ್ತೆ ಖಾಲಿಯಾಗಿತ್ತು. ಉಳಿದವನು ಹೊಳೆಯಪ್ಪ ಕಾಕಾ ಒಬ್ಬನೇ, ಅರ್ಧ ಮೀಸೆಯೊಂದಿಗೆ. ಇಡೀ ಪ್ರಕರಣದಲ್ಲಿ ಉಳಿದ ಪುರಾವೆಯೂ ಅದೇ.

"ಅಜ್ಜಾ, ಮೀಸಿ ಹೆಂಗ ಸುಟ್ಟತು? ಖರೇ ಹೇಳು."

"ಬೀಡಿಲೇ."

"ಬೀಡಿಲೇ ಇಷ್ಟ ಮೀಸಿ ಸುಡತೈತೇನು?"

"ಹಂಗಾರ ನೋಡ ಬಾ."

ಕಾಕಾ ಸೊಂಟಕ್ಕೆ ಸಿಕ್ಕಿಸಿದ ಪಂಚೆಯ ಅಂಚಿನಿಂದ ಯಾವಾಗಿನದೋ ಒಂದು ಬೀಡಿ ತೆಗೆದ. ಕಡ್ಡಿ ಗೀರಿದ. ನಡುಗುವ ಕೈಯಿಂದ ಅದನ್ನು ಬೀಡಿಯತ್ತ ಒಯ್ದು, ಬೀಡಿಯನ್ನು ದಾಟಿಸಿ, ಇನ್ನೂ ಮೇಲೆ ಒಯ್ದ. ಚರ್ ಎಂದು ಬಲಗಡೆಯ ಮೀಸೆಯೂ ಹೋಯಿತು. ಕಾಕಾ ಅಂಗೈಯಿಂದ ಅದನ್ನು ಒರೆಸಿಕೊಂಡ, ಕಣ್ಣಲ್ಲಿ ಬಂದ ನೀರನ್ನು ಹೊಗೆಯ ಮೇಲೆ ಹಾಕಿದ.

"ಹಿಂಗ್ರಿ ಸಾಹೇಬ್ರ. ಕೈ ನಡಗತಾವು, ವಯಸ್ಸಾತು."

ಆ ಬೋಳು ಮುಖ ನೋಡಿ ಹವಾಲ್ದಾರನಿಗೂ ಏನೋ ಅನ್ನಿಸಿರಬೇಕು. ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡ. "ಬಿಡ ಅಜ್ಜಾ ಆ ಬೀಡಿ. ಎದಿ ಹಾಳಾಗತೈತಿ."

"ಬಿಡಸೂ ಯಂತ್ರ ಏನರ ಅದಾವೇನ್ರಿ?"

"ಇದ್ದದ್ದನ್ನ ಸರ್ಕಾರ ಬಂದ್ ಮಾಡೇತಿ," ಎಂದು ಹವಾಲ್ದಾರ ಗಾಡಿಗೆ ಒದ್ದ.

ಮಡಿವಾಳೆಪ್ಪ ಕಾಕಾನ ಕಾಲಿಗೇ ಬಿದ್ದ. ಅವನ ಕಣ್ಣು ತುಂಬಿ ಹರಿಯುತ್ತಿದ್ದವು. ತಂದೆ ಸತ್ತಾಗಲೂ ಅವನು ಹೀಗೆ ಅತ್ತಿರಲಿಲ್ಲ. "ಏಳಲೇ, ಏಳು," ಎಂದು ಕಾಕಾ ಅವನ ತಲೆ ಸವರಿದ. ಬೀಡಿಯನ್ನು ಮಾತ್ರ ಎಸೆಯಲಿಲ್ಲ. ಕಣ್ಣು ಮುಚ್ಚಿ ಉದ್ದಕ್ಕೆ ಒಂದು ದಮ್ಮು ಎಳೆದು, ಮೂಗಿನಿಂದ ನಿಧಾನ ಬಿಟ್ಟ. "ಆಹಾ. ಎಷ್ಟ ದಿನಾ ಆಗಿತ್ತೋ ಮಡಿವಾಳಾ. ನಿನ್ನ ಭಜಿ ವಾಸನಿ ಕುಡದು ಕುಡದು ನಾಲಿಗಿ ಸತ್ತ ಹೋಗಿತ್ತು." ಇನ್ನೊಂದು ದಮ್ಮು. "ನಿನ್ನ ಸಲುವಾಗಿ ಸೇದಿದೆ. ಇನ್ನ ಈ ಚಟಾ ಬಿಡೂದಲ್ಲ. ಇದಕ್ಕ ಯಾರು ಹೊಣಿ?"

ಮಡಿವಾಳೆಪ್ಪ ಕಣ್ಣೊರೆಸಿಕೊಂಡು ಎದೆಯ ಮೇಲೆ ಕೈಯಿಟ್ಟ. ಅಂದಿನಿಂದ ಕಾಕಾನ ಬೀಡಿಯ ಕಟ್ಟು ಇವನ ಲೆಕ್ಕದಲ್ಲಿ ಬರತೊಡಗಿತು. ಒಂದು ಅನುಕೂಲವೂ ಆಯಿತು: ಎಮ್ಮೆಯ ಮುಂದೆ ಕೂರುವ ಕೆಲಸವನ್ನು ಕಾಕಾ ಸಂತೋಷದಿಂದ ವಹಿಸಿಕೊಂಡ.

ಎಲ್ಲ ತಣ್ಣಗಾಯಿತು ಎನ್ನುವಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನು ಬಂತು. ಸಾಹೇಬರ ದನಿ ಕರವಸ್ತ್ರದ ಹಿಂದಿನಿಂದ ಬಂದಂತಿತ್ತು.

"ಮಡಿವಾಳೆಪ್ಪನವರೇ, ಸಣ್ಣ ಚಾರ್ಜರು ಸಿಗಲಿಲ್ಲ. ಕಾರಿನ ಬ್ಯಾಟರಿಗೆ ಹಾಕಿದ್ದೆ. ನೀವು ಏನೋ ಇದ್ದೀನಿ ಅಂದಿದ್ರಲ್ಲ..."

ಮರುದಿನ ಬೆಳಗಿನ ಗಾಡಿಗೆ ಮಡಿವಾಳೆಪ್ಪ ಹುಬ್ಬಳ್ಳಿಗೆ ಹೋದ. ಸಾಹೇಬರು ಮೂಗಿನ ಕೆಳಗೆ ಕರವಸ್ತ್ರ ಕಟ್ಟಿಕೊಂಡು ಕುಳಿತಿದ್ದರು. ಬಾಜೂಕೆ ಒಂದು ಕುರ್ಚಿ ಹಾಕಿಸಿದ್ದರು. ವಿಮಾ ಕಚೇರಿಯಲ್ಲಿ ಮೀಸೆಯ ಕೆಲಸ ಸಂತೆಯದಕ್ಕಿಂತ ಸರಳವಾಗಿತ್ತು: ಪರಿಹಾರ ಕೇಳಿ ಬಂದವರನ್ನು ದುರುಗುಟ್ಟಿ ನೋಡಿ ಇಲ್ಲ ಎನ್ನುವುದು. ಮೀಸೆ ಇಲ್ಲದೆ ಇಲ್ಲ ಎಂದರೆ ಜನ ಕೇಳುತ್ತಿಲ್ಲ, ಕುಳಿತೇ ಬಿಡುತ್ತಾರೆ ಎಂದು ಸಾಹೇಬರು ಅಳಲು ತೋಡಿಕೊಂಡರು.

ಮೊದಲು ಬಂದವಳು ಬಮ್ಮಿಗಟ್ಟಿಯ ರಾಮವ್ವ ಎಂಬ ಮುದುಕಿ. ಅವಳ ಆಕಳು ಸತ್ತಿತ್ತು. ವಿಮೆ ಇತ್ತು, ಆದರೆ ಆಕಳ ಕಿವಿಗೆ ಹಾಕಿದ ಗುರುತಿನ ಬಿಲ್ಲೆ ಎಲ್ಲೋ ಮುಳ್ಳುಕಂಟಿಗೆ ಸಿಕ್ಕು ಬಿದ್ದುಹೋಗಿತ್ತು. ಬಿಲ್ಲೆ ಇಲ್ಲದೆ ಪರಿಹಾರವಿಲ್ಲ. "ಗೌರಿ ಅಂದ್ರ ಊರಾಗ ಎಲ್ಲಾರಿಗೂ ಗೊತ್ತೈತ್ರಿ ಯಪ್ಪಾ. ಬಿಲ್ಲಿ ಬಿದ್ರ ಅದು ನನ್ನ ಆಕಳಾ ಅಲ್ಲೇನು?" ಎಂದು ಅವಳು ಕೇಳಿದಳು.

ಸಾಹೇಬರು ಮೊಣಕೈಯಿಂದ ತಿವಿದರು.

ಮಡಿವಾಳೆಪ್ಪ ಹುಬ್ಬು ಗಂಟು ಹಾಕಿದ. ಗಂಟಲು ಕೆರೆದ. "ಇ..." ಎಂದ. ಮುದುಕಿ ಅವನನ್ನೇ ನೋಡುತ್ತಿದ್ದಳು. ಸಾಹೇಬರು ಮತ್ತೆ ತಿವಿದರು, ಈ ಸಲ ಜೋರಾಗಿ. ಮಡಿವಾಳೆಪ್ಪನ ಕೈ ತನ್ನಷ್ಟಕ್ಕೆ ತಾನೇ ಎದ್ದು ಎದೆಯ ಮೇಲೆ ಬಂದು ಕೂತಿತು.

"ಅಳಬ್ಯಾಡ ಬೇ ಯವ್ವಾ," ಎಂದ. "ಏನರ ಆದ್ರ ನಾ ಅದೀನಿ."

ಸಾಹೇಬರು ಕರವಸ್ತ್ರವನ್ನು ಮೂಗಿನ ಕೆಳಗಿನಿಂದ ಬಿಚ್ಚಿ ಇಡೀ ಮುಖಕ್ಕೆ ಮುಚ್ಚಿಕೊಂಡರು. ರಾಮವ್ವ ಸೆರಗಿನಿಂದ ಕಣ್ಣೊರೆಸಿ, ಕುರ್ಚಿಯನ್ನು ಇವನ ಕಡೆ ಎಳೆದುಕೊಂಡಳು.

"ಹಂಗಾರ ನಿಮ್ಮ ಮನಿ ಯಾವೂರಾಗ ಬರತೈತ್ರಿ ಯಪ್ಪಾ?"